ಮೂರನೆಯ ಯಂತ್ರ

ಬಸ್ಸು ರಾಜೇಶ್ವರ ದಾಟುವಷ್ಟರಲ್ಲಿ ಸುಮೇಧಾ ಮತ್ತೊಮ್ಮೆ ಜಿಪ್ಪು ಎಳೆದು ನೋಡಿಕೊಂಡಿದ್ದಳು. ತೊಡೆಯ ಮೇಲಿದ್ದ ಲ್ಯಾಪ್‌ಟಾಪ್ ಚೀಲವನ್ನು ಎರಡೂ ಕೈಗಳಿಂದ ಬಿಗಿಯಾಗಿ ಹಿಡಿದುಕೊಂಡಿದ್ದಳು, ಯಾರೋ ಕಸಿದುಕೊಂಡು ತೆರೆದು ನೋಡಿಬಿಡುತ್ತಾರೆ ಎಂಬಂತೆ. ಪಕ್ಕದ ಮುದುಕಿ ಕೊತ್ತಂಬರಿಯ ಗಂಟನ್ನು ಕಾಲಡಿ ಇಟ್ಟುಕೊಂಡು ತೂಕಡಿಸುತ್ತಿದ್ದಳು. ಬಸ್ಸು ಕುಲುಕಿದಾಗಲೆಲ್ಲ ಅವಳ ತಲೆ ಬಂದು ಸುಮೇಧಾಳ ಭುಜಕ್ಕೆ ತಾಗುತ್ತಿತ್ತು. ಸರಿಸಬೇಕೆನಿಸಲಿಲ್ಲ. ಏನೂ ತಿಳಿಯದ ಒಂದು ತಲೆ ತನ್ನ ಮೇಲೆ ಭಾರ ಹಾಕಿ ನಿದ್ದೆ ಮಾಡುತ್ತಿದೆ ಎಂಬುದೇ ಇವತ್ತಿನ ಮಟ್ಟಿಗೆ ಒಂದು ಉಪಕಾರವಾಗಿತ್ತು. ಇಪ್ಪತ್ತೆರಡು ದಿನಗಳಿಂದ, ಬಸವಕಲ್ಯಾಣದಿಂದ ಹುಮನಾಬಾದಕ್ಕೆ ಹೋಗುವಾಗ ಬರುವಾಗ, ಅವಳು ಕಣ್ಣೊಳಗೆ ಆಫೀಸಿನ ಪರದೆಯ ಒಂದೇ ಸಾಲನ್ನು ಓದುತ್ತಿದ್ದಳು: ಬೇಕಾದದ್ದು ಎರಡು, ಇರುವುದು ಎರಡು, ಸಿದ್ಧವಾದದ್ದು ಎರಡು. ಎಂಥ ಸಮಾಧಾನದ ಸಾಲು. ಎಲ್ಲ ಕೂಡಿ ಬಂದಿದೆ ಎನ್ನುವ ಸಾಲು. ಯಂತ್ರಗಳು ಮೂರಿವೆ ಎಂಬುದು ಗೊತ್ತಿಲ್ಲದವರಿಗೆ ಅದರಲ್ಲಿ ಯಾವ ಕೊರತೆಯೂ ಕಾಣುತ್ತಿರಲಿಲ್ಲ. ಅವಳಿಗೆ ಗೊತ್ತಿತ್ತು.

ಹೆರಿಗೆಯ ಹೆಣ್ಣುಮಕ್ಕಳನ್ನು ಆಸ್ಪತ್ರೆಗೆ ಒಯ್ಯುವ ಒಂದು ಟ್ರಸ್ಟಿನ ಗಾಡಿಗಳಿಗೆ ಅವಳ ಆಫೀಸು ಕಂಪ್ಯೂಟರ್ ಕೆಲಸ ನೋಡಿಕೊಳ್ಳುತ್ತಿತ್ತು. ಊರ ಜನ ಅದನ್ನು ಬಾಣಂತಿ ಗಾಡಿ ಎನ್ನುತ್ತಾರೆ. ಫೋನು ಬಂದರೆ ಹುಮನಾಬಾದದಲ್ಲಿ ಕೂತ ಆಪರೇಟರ್ ಎತ್ತುತ್ತಾಳೆ, ಊರಿನ ಹೆಸರು ಕೇಳಿ ಬರೆದುಕೊಂಡು ಗುಂಡಿ ಒತ್ತುತ್ತಾಳೆ, ಹತ್ತಿರದ ಡ್ರೈವರನ ಮೊಬೈಲಿಗೆ ಸಂದೇಶ ಹೋಗುತ್ತದೆ. ಇದನ್ನೆಲ್ಲ ನಡೆಸುವ ಪ್ರೋಗ್ರಾಮುಗಳು ಎಲ್ಲೋ ಮುಂಬೈಯಲ್ಲಿ ಬಾಡಿಗೆಗೆ ಹಿಡಿದ ಮೂರು ಯಂತ್ರಗಳ ಮೇಲೆ, ಒಂದೊಂದೂ ಒಂದೊಂದು ಮುಚ್ಚಿದ ಡಬ್ಬಿಯೊಳಗೆ ಕೂತ ಹಾಗೆ, ತಮ್ಮ ಪಾಡಿಗೆ ಓಡುತ್ತಿರುತ್ತವೆ. ಆ ಡಬ್ಬಿಗೆ ಕಂಟೇನರ್ ಎಂದು ಹೆಸರು. ಪ್ರತಿ ಡಬ್ಬಿಯೂ ತಾನು ಮಾಡಿದ್ದನ್ನು ಸಾಲು ಸಾಲಾಗಿ ಗೊಣಗುತ್ತಿರುತ್ತದೆ: ಇಷ್ಟು ಗಂಟೆಗೆ ಇದು ಬಂತು, ಇಷ್ಟು ಗಂಟೆಗೆ ಇದು ಹೋಯಿತು. ಅದೇ ಲಾಗ್. ಒಂದು ಡಬ್ಬಿ ಸತ್ತರೆ ಅಂಥದೇ ಇನ್ನೊಂದು ತಾನಾಗಿ ಹುಟ್ಟುತ್ತದೆ. ಆದರೆ ಸತ್ತದ್ದರ ಗೊಣಗಾಟ ಅದರ ಜೊತೆಗೇ ಹೋಗುತ್ತದೆ. ಹಾಗೆ ಹೋಗಬಾರದೆಂದು ಪ್ರತಿ ಯಂತ್ರದ ಮೇಲೂ ಒಂದು ಲಾಗ್ ಸಂಗ್ರಾಹಕವನ್ನು ಕೂರಿಸಬೇಕು. ಅದು ಆ ಯಂತ್ರದ ಎಲ್ಲ ಡಬ್ಬಿಗಳ ಮಾತನ್ನು ಕೇಳಿಸಿಕೊಂಡು ಬೇರೊಂದು ಕಡೆ ಜೋಪಾನ ಮಾಡುತ್ತದೆ. ಎರಡು ತಿಂಗಳ ಹಿಂದೆ ಆ ಕೆಲಸ ಸುಮೇಧಾಳಿಗೆ ಬಂದಿತ್ತು. ಅವಳು ಮಾಡಿದ್ದಳು. ಎರಡು ಯಂತ್ರಗಳ ಮೇಲೆ. ವರದಿಯಲ್ಲಿ ಬರೆದದ್ದು ಮಾತ್ರ, ‘ಎಲ್ಲ ಯಂತ್ರಗಳ ಮೇಲೂ ಸಂಗ್ರಾಹಕ ಕೂರಿಸಲಾಗಿದೆ.’

ಆರನೆಯ ತರಗತಿಯಲ್ಲಿ ಮಾಸ್ತರರು ಹೊರಗೆ ಹೋಗುವಾಗ, ಮಾತಾಡಿದವರ ಹೆಸರು ಬರೆ ಎಂದು ಅವಳ ಕೈಗೆ ಸೀಮೆಸುಣ್ಣ ಕೊಟ್ಟಿದ್ದರು. ಅವಳು ಕಿಟಕಿಯಾಚೆ ಹೋಗುತ್ತಿದ್ದ ಕುರಿಗಳನ್ನು ನೋಡುತ್ತ ನಿಂತುಬಿಟ್ಟಿದ್ದಳು. ಬೆನ್ನ ಹಿಂದೆ ಗಲಾಟೆಯೋ ಗಲಾಟೆ; ಯಾರು ಮಾತಾಡಿದರೆಂದು ಅವಳಿಗೆ ಗೊತ್ತಿರಲಿಲ್ಲ. ಮಾಸ್ತರರ ಚಪ್ಪಲಿ ಸದ್ದು ಕೇಳಿದ ಕೂಡಲೇ ಮೊದಲ ಬೆಂಚಿನ ವಿಶಾಖಾಳ ಹೆಸರು ಬರೆದಳು, ಯಾಕೆಂದರೆ ಅವಳು ಎದುರಿಗಿದ್ದಳು, ಯಾಕೆಂದರೆ ಹಲಗೆ ಖಾಲಿ ಇರಬಾರದಿತ್ತು. ವಿಶಾಖಾ ಅಂಗೈ ಚಾಚಿ ನಿಂತು, ಪೆಟ್ಟು ತಿನ್ನುವಾಗಲೂ, ನಾ ಮಾತಾಡಿಲ್ರಿ ಸರ್ ಎನ್ನಲಿಲ್ಲ. ತನ್ನ ಹೆಸರು ಹಲಗೆಯ ಮೇಲೆ ಇದೆಯಲ್ಲ, ಹಾಗಾದರೆ ಮಾತಾಡಿರಬೇಕು ಎಂದು ನಂಬಿಬಿಟ್ಟ ಮುಖ. ‘ಹುಮನಾಬಾದ, ಇಳೀರಿ ಬೇಗ ಬೇಗ’ ಎಂದು ಕಂಡಕ್ಟರ್ ಕೂಗಿದ. ಮುದುಕಿ ಎಚ್ಚರಗೊಂಡು, ಒರಗಿದ್ದ ಭುಜದ ಒಡತಿಯ ಕಡೆ ನೋಡದೆಯೇ ಗಂಟೆತ್ತಿಕೊಂಡು ಇಳಿದುಹೋದಳು.

ಆಫೀಸು ಹೆದ್ದಾರಿಯ ಪಕ್ಕ ಟೈರಿನ ಅಂಗಡಿಯ ಮೇಲಿತ್ತು. ಮೆಟ್ಟಿಲ ತಿರುವಿನಲ್ಲಿ ದ್ರೌಪತಿ ಕೂತಿದ್ದಳು. ಆಪರೇಟರ್ ದ್ರೌಪತಿ. ನಲವತ್ತೈದರ ಹೆಂಗಸು, ಚಿಟಗುಪ್ಪದಿಂದ ಬರುವವಳು. ಇಪ್ಪತ್ತೆರಡು ದಿನಗಳಿಂದ ಕೆಲಸದಿಂದ ಹೊರಗಿರುವವಳು. ಆ ದಿನ ಮುಡಬಿಯಿಂದ ಫೋನು ಬಂದಿತ್ತು. ಮೊದಲ ಹೆರಿಗೆ, ನೋವು ಜೋರಾಗಿದೆ ಎಂದು. ತಾನು ಊರು ಬರೆದುಕೊಂಡೆ, ಗುಂಡಿ ಒತ್ತಿದೆ ಎಂದು ದ್ರೌಪತಿ ಹೇಳುತ್ತಾಳೆ. ಬಸವಕಲ್ಯಾಣದಲ್ಲಿ ಗಾಡಿ ನಿಲ್ಲಿಸಿಕೊಂಡಿದ್ದ ಡ್ರೈವರ್ ಹುಸೇನ ತನಗೆ ಯಾವ ಸಂದೇಶವೂ ಬರಲಿಲ್ಲ ಎನ್ನುತ್ತಾನೆ. ಒಂದೂವರೆ ಗಂಟೆ ಬಿಟ್ಟು ಮತ್ತೆ ಫೋನು ಬಂದ ಮೇಲೆಯೇ ಗಾಡಿ ಹೋದದ್ದು. ತಾಯಿ ಉಳಿದಳು. ಕೂಸು ಉಳಿಯಲಿಲ್ಲ.

‘ಜೈಭೀಮ, ತಂಗಿ,’ ಎಂದಳು ದ್ರೌಪತಿ, ಮೆಲ್ಲಗೆ, ಎದ್ದು ನಿಲ್ಲುತ್ತ.

ಮೇಲೆ ಬಾಗಿಲಲ್ಲಿ ಆಫೀಸಿನ ಹಿರಿಯ ಎಂಜಿನಿಯರ್ ದತ್ತಾತ್ರಿ ನಿಂತಿದ್ದ. ಸುಮೇಧಾ ತಲೆಯಾಡಿಸಿದಳು ಅಷ್ಟೆ; ತಿರುಗಿ ಜೈಭೀಮ ಎನ್ನಲಿಲ್ಲ. ಮನೆಯಲ್ಲಿ, ಓಣಿಯಲ್ಲಿ ಉಸಿರಿನಷ್ಟು ಸಲೀಸಾಗಿ ಬರುವ ಮಾತು ಈ ಮೆಟ್ಟಿಲ ಮೇಲೆ ಯಾಕೆ ಬರುವುದಿಲ್ಲ ಎಂದು ಅವಳಿಗೆ ಗೊತ್ತಿತ್ತು, ದ್ರೌಪತಿಗೂ ಗೊತ್ತಿತ್ತು. ದ್ರೌಪತಿ ಬೇಜಾರು ಮಾಡಿಕೊಳ್ಳಲಿಲ್ಲ. ಅದೇ ಹೆಚ್ಚು ನೋಯಿಸಿತು.

‘ಇವತ್ತ ಮೂರಕ್ಕ ಕರದಾರ. ನಿಮ್ಮ ಮಷೀನಿನಾಗ ಎಲ್ಲಾ ಬರದಿರ್ತದಂತ ಹೌದಲ್ಲ? ನಾ ಒತ್ತಿದ್ದು ಅದರಾಗ ಬಂದಿರ್ತದ. ಅದಕ್ಕ ಧೈರ್ಯಲೆ ಬಂದೀನಿ.’

‘ನೋಡ್ತೀನ್ರಿ ಅಕ್ಕಾ.’

‘ನೋಡು ಯವ್ವ. ನೀ ಇದ್ದೀ ಅಂತ ಜರಾ ಸಮಾಧಾನ ನನಗ.’

ದತ್ತಾತ್ರಿ ಕೆಟ್ಟ ಮನುಷ್ಯನಲ್ಲ. ಅವಳಿಗೆ ಈ ಕೆಲಸ ಕಲಿಸಿದವನು ಅವನೇ. ಮೂರನೆಯ ಯಂತ್ರದ ಮೆಮರಿ ಪದೇ ಪದೇ ತುಂಬುತ್ತಿತ್ತೆಂದು ಅವನು ಅದಕ್ಕೊಂದು ಗುರುತು ಹಾಕಿದ್ದ: ಇದರ ಮೇಲೆ ಹೊಸ ಡಬ್ಬಿ ಕೂರಿಸಬೇಡಿ, ಇದ್ದದ್ದು ಇರಲಿ. ಆ ಗುರುತಿಗೆ ಟೇಂಟ್ ಎನ್ನುತ್ತಾರೆ. ಹಾಗೆಂದರೇನು ಎಂದು ಅವಳು ಕೇಳಿದಾಗ ಅವನು ಚಹಾ ಕುಡಿಯುತ್ತ, ‘ಈ ಮಷೀನಿಗಿ ಮೈಲಿಗಿ ಆಗ್ಯಾದ ಅಂತ ತಿಳ್ಕೊ. ಯಾರೂ ಹತ್ತರ ಹೋಗಬಾರದು. ಹೋಗಬೇಕಂದ್ರ, ನಾ ಇದನ್ನ ಸಹಿಸ್ಕೋತೀನಿ ಅಂತ ನಾಕು ಸಾಲು ಬರೀಬೇಕು,’ ಎಂದು, ಅಷ್ಟರಲ್ಲಿ ತಾನು ಯಾರ ಮುಂದೆ ಏನೆಂದೆ ಎಂದು ಹೊಳೆದು, ಲೋಟದೊಳಗೆ ನೋಡಿದ್ದ. ಕೋಣೆಯಲ್ಲಿದ್ದ ಇನ್ನಿಬ್ಬರು ಕೀಲಿಮಣೆ ಬಡಿಯುವುದನ್ನು ನಿಲ್ಲಿಸಿ, ಮತ್ತೆ ಜೋರಾಗಿ ಬಡಿಯತೊಡಗಿದರು. ಅವನು ಬೈದಿದ್ದರೆ ಉತ್ತರ ಕೊಡಬಹುದಿತ್ತು. ಅವನು ನಾಚಿಕೊಂಡಿದ್ದ, ಅವನ ನಾಚಿಕೆಯನ್ನು ಅವಳೇ ಮುಚ್ಚಬೇಕಾಯಿತು, ‘ಹೌದ್ರಿ ಸರ್, ತಿಳೀತು,’ ಎಂದು ನಕ್ಕು. ಸಂಗ್ರಾಹಕವೂ ಒಂದು ಡಬ್ಬಿಯೇ; ಗುರುತಿದ್ದ ಯಂತ್ರವನ್ನು ಲೆಕ್ಕಕ್ಕೇ ಹಿಡಿಯದೆ ಅದು ಎರಡರ ಮೇಲಷ್ಟೇ ಕೂತಾಗ ಕಾರಣ ಅವಳಿಗೆ ಕೂಡಲೇ ತಿಳಿದಿತ್ತು: ಆ ನಾಲ್ಕು ಸಾಲು ಬೇಕು. ಅದನ್ನು ಹಾಕಲು ಅವನ ಒಪ್ಪಿಗೆ ಕೇಳಬೇಕು. ಕೇಳುವುದೆಂದರೆ ಆ ಶಬ್ದವನ್ನು ಮತ್ತೆ ಬಾಯಿಗೆ ತರಬೇಕು, ಮತ್ತೆ ಆ ಇಬ್ಬರ ಬೆರಳು ನಿಲ್ಲಬೇಕು, ಮತ್ತೆ ತಾನು ನಗಬೇಕು. ಸೋಮವಾರ ಕೇಳೋಣ ಎಂದುಕೊಂಡಳು. ಸೋಮವಾರ ಬಂತು, ಹೋಯಿತು. ಆದರೆ ಇದನ್ನೇ ಕಾರಣವೆಂದು ತನಗೆ ತಾನು ಹೇಳಿಕೊಳ್ಳುವಾಗಲೆಲ್ಲ ಒಳಗೆ ಇನ್ನೊಂದು ದನಿ ಏಳುತ್ತಿತ್ತು: ಅವಮಾನ ಆದದ್ದು ಖರೆ, ಎಲ್ಲ ಆಯಿತೆಂದು ವರದಿಯಲ್ಲಿ ಸುಳ್ಳು ಬರೆದದ್ದೂ ಖರೆ, ಮೊದಲನೆಯದು ಎರಡನೆಯದನ್ನು ತೊಳೆಯುವುದಿಲ್ಲ.

ತನ್ನ ಮೇಜಿನ ಮುಂದೆ ಕೂತು ಲ್ಯಾಪ್‌ಟಾಪ್ ತೆರೆದಳು. ಮೊದಲನೆಯ ಯಂತ್ರದ ಲಾಗಿನಲ್ಲಿ ಫೋನಿನ ಸಾಲು ಸ್ಪಷ್ಟವಾಗಿತ್ತು: ಹನ್ನೊಂದು ನಲವತ್ತೆರಡು, ಊರು ಮುಡಬಿ, ಮೊದಲ ಹೆರಿಗೆ, ತುರ್ತು. ಸಂದೇಶ ಕಳಿಸುವ ಡಬ್ಬಿ ಈಗ ಎರಡನೆಯ ಯಂತ್ರದ ಮೇಲಿತ್ತು. ಅದರ ವಯಸ್ಸು ಇಪ್ಪತ್ತೆರಡು ದಿನ. ಹುಟ್ಟಿದ್ದು ಆ ದಿನ ಹನ್ನೊಂದು ಐವತ್ತೊಂದಕ್ಕೆ. ಅಂದರೆ ಅದಕ್ಕೆ ಮುಂಚಿನ ಡಬ್ಬಿ ಮೂರನೆಯ ಯಂತ್ರದ ಮೇಲಿತ್ತು, ಮೆಮರಿ ತುಂಬಿ ಆ ಯಂತ್ರ ಅದನ್ನು ಹೊರದಬ್ಬಿತ್ತು, ಅದು ಗೊಣಗಿದ್ದೆಲ್ಲ ಅಲ್ಲೇ ಅಳಿಸಿಹೋಗಿತ್ತು. ದ್ರೌಪತಿ ಒತ್ತಿದ್ದನ್ನು ಬರೆಯುವುದೂ ಅದೇ ಡಬ್ಬಿ. ಈ ಒಂಬತ್ತು ನಿಮಿಷಗಳಲ್ಲಿ ಒತ್ತಿದಳೋ, ಒತ್ತಿದ್ದು ಸಾಯುತ್ತಿದ್ದ ಡಬ್ಬಿಯ ಬಾಯಿಗೆ ಬಿದ್ದು ಹೋಯಿತೋ, ಅಥವಾ ಒತ್ತಲೇ ಇಲ್ಲವೋ? ಸಂಗ್ರಾಹಕ ಇದ್ದಿದ್ದರೆ ಹೇಳುತ್ತಿತ್ತು. ಮೂರನೆಯ ಯಂತ್ರದ ಮೂಲೆ ಮೂಲೆಯನ್ನೂ ಹನ್ನೆರಡನೆಯ ಸಲವೋ ಹದಿಮೂರನೆಯ ಸಲವೋ ಹುಡುಕಿದಳು. ಖಾಲಿ ಕಡತಗಳು, ಹಳೆಯ ಹೆಸರುಗಳು, ಏನೂ ಇಲ್ಲ. ಆಮೇಲೆ, ಯಾರನ್ನೂ ಕೇಳದೆ, ಆ ನಾಲ್ಕು ಸಾಲು ಬರೆದಳು. ಎಷ್ಟು ಚಿಕ್ಕ ಸಾಲುಗಳು. ಬರೆದು ಕಳಿಸಿದ ಮೇಲೆ ಪರದೆ ಅರೆಗಳಿಗೆ ಸುಮ್ಮನಿದ್ದು ಹೇಳಿತು: ಬೇಕಾದದ್ದು ಮೂರು, ಇರುವುದು ಮೂರು, ಸಿದ್ಧವಾದದ್ದು ಮೂರು. ಆ ಒಂದು ಕ್ಷಣ ಅವಳಿಗೆ ನಿಜವಾಗಿಯೂ ಎಲ್ಲ ಸರಿಹೋಯಿತೆನಿಸಿತು. ಕೆಳಗೆ ಮೂರರ ವಯಸ್ಸೂ ಇತ್ತು: ಅರವತ್ತೊಂದು ದಿನ, ಅರವತ್ತೊಂದು ದಿನ, ನಲವತ್ತು ಸೆಕೆಂಡ್.

ಹಿಂದೆ ದತ್ತಾತ್ರಿ ನಿಂತಿದ್ದ. ಎಷ್ಟು ಹೊತ್ತಿನಿಂದಲೋ.

‘ಏನಿದು?’

ಅವಳು ಹೇಳಿದಳು. ಒಂದೇ ಉಸಿರಿನಲ್ಲಿ, ತಿರುಗದೆ, ಪರದೆಗೆ ಹೇಳುವಂತೆ. ಅವನು ಕುರ್ಚಿ ಎಳೆದು ಕೂತ.

‘ಯಾರಿಗರೆ ಹೇಳೀಯೇನು?’

‘ಇಲ್ರಿ.’

‘ಹೇಳಬ್ಯಾಡ. ನಿನ್ನ ವರದಿ ಮ್ಯಾಲ ನನ್ನ ಸಹಿ ಅದ. ನೀನೂ ಹೋಗ್ತಿ, ನಾನೂ ಹೋಗ್ತೀನಿ, ಈ ಆಫೀಸೂ ಹೋಗ್ತದ. ಆ ಕೂಸು ತಿರುಗಿ ಬರ್ತದೇನು? ಲಾಗಿನಾಗ ಇಲ್ಲ ಅಂತ ಅಷ್ಟೇ ಹೇಳೋದು. ಅದು ಸುಳ್ಳಲ್ಲ.’

‘ಆದ್ರ ಅವರು, ಲಾಗಿನಾಗ ಇಲ್ಲ ಅಂದ್ರ ಒತ್ತಿಲ್ಲ ಅಂತ ತಿಳ್ಕೋತಾರ, ಸರ್.’

‘ಅವರು ಏನರೆ ತಿಳ್ಕೊಳ್ಳಲಿ,’ ಎಂದ ಅವನು, ಮತ್ತೆ ಲೋಟವಿಲ್ಲದ ಕೈಯನ್ನು ನೋಡುತ್ತ. ‘ನಾವು ಹೇಳಿಲ್ಲಲ್ಲ.’

ಆಶ್ಚರ್ಯವೆಂದರೆ ಅವಳಿಗೆ ಹಾಯೆನಿಸಿತು. ಇನ್ನೊಬ್ಬನಿಗೆ ಗೊತ್ತಾಯಿತು, ಅವನು ಬೇಡವೆಂದ, ಇನ್ನು ಇದು ತನ್ನೊಬ್ಬಳದಲ್ಲ. ಊಟದ ಡಬ್ಬಿ ತೆರೆದು ಅವ್ವ ಕಟ್ಟಿಕೊಟ್ಟ ರೊಟ್ಟಿ, ಪುಂಡಿಪಲ್ಯ ತಿಂದಳು. ರುಚಿ ಗೊತ್ತಾಯಿತು. ರುಚಿ ಗೊತ್ತಾದದ್ದಕ್ಕೇ ಉಳಿದದ್ದನ್ನು ಮುಚ್ಚಿಟ್ಟಳು.

ಟ್ರಸ್ಟಿನ ಕೋಣೆ ಎರಡು ಕಟ್ಟಡ ಆಚೆ. ಅಧ್ಯಕ್ಷರಾದ ಪಂಡರಿಯವರು ಉದ್ದ ಮೇಜಿನ ಹಿಂದೆ ಕೂತಿದ್ದರು, ಎದುರಿಗೆ ದ್ರೌಪತಿ, ಪಕ್ಕದಲ್ಲಿ ದತ್ತಾತ್ರಿ. ಗೋಡೆಗೆ ಹತ್ತಿದ ಬೆಂಚಿನ ಮೇಲೆ ಮೂವತ್ತರೊಳಗಿನ ಒಬ್ಬ ಮನುಷ್ಯ, ಒಗೆದು ಒಗೆದು ತೆಳುವಾದ ಬಿಳಿ ಅಂಗಿ, ಮೊಣಕಾಲ ಮೇಲೆ ಟೊಪ್ಪಿಗೆ. ಮುಡಬಿಯ ಕಾಶಿರಾಮ, ಆ ಕೂಸಿನ ಅಪ್ಪ ಎಂದು ಯಾರೋ ಪಿಸುಗುಟ್ಟಿದರು. ಸುಮೇಧಾ ಅವನಿಗೆ ಬೆನ್ನಾಗುವಂತೆ ಕುರ್ಚಿ ಹುಡುಕಿ ಕೂತಳು. ಆ ದಿನದ ಲಾಗಿನ ಎರಡು ಹಾಳೆ ಕೈಯಿಂದ ಕೈಗೆ ಹೋದವು. ಪಂಡರಿಯವರು ಕನ್ನಡಕ ಏರಿಸಿ ಬೆರಳಿಟ್ಟು ಓದಿದರು.

‘ಫೋನ್ ಬಂದದ. ಬರಕೊಂಡದ್ದೂ ಅದ. ಕಳಿಸಿದ್ದು ಎಲ್ಲದ?’

‘ಇಲ್ರಿ,’ ಎಂದ ದತ್ತಾತ್ರಿ.

‘ನಾ ಒತ್ತೀನ್ರಿ ಸಾಹೇಬ್ರ,’ ಎಂದಳು ದ್ರೌಪತಿ. ‘ನನ್ನ ಮಕ್ಕಳ ಆಣಿ.’

‘ಆಣಿ ಬ್ಯಾಡ, ಬಾಯಿ. ಕಾಗದ ಹೇಳಬೇಕು.’ ಅವರು ಸುಮೇಧಾಳ ಕಡೆ ತಿರುಗಿದರು. ‘ಮೇಡಂ, ಇದನ್ನ ಕೂರಿಸಿದವರು ನೀವಂತ. ಒತ್ತಿದ್ರ ಇದರಾಗ ಬಂದೇ ಬರ್ತದೇನ್ರಿ?’

ಕೋಣೆಯ ಫ್ಯಾನು ತಿರುಗುತ್ತಿತ್ತು. ಹಾಳೆಯ ಮೂಲೆ ಏಳುತ್ತಿತ್ತು, ಬೀಳುತ್ತಿತ್ತು. ದತ್ತಾತ್ರಿಯ ಚಪ್ಪಲಿಯ ಉಂಗುಟ ಕಿತ್ತುಬಂದಿದೆ ಎಂಬುದನ್ನು ಅವಳು ಮೊದಲ ಸಲ ಕಂಡಳು. ಈಗ ಹೇಳಬೇಕು, ಈಗ, ಎಂದುಕೊಳ್ಳುತ್ತಿರುವಾಗಲೇ ಅವಳ ಬಾಯಿ ಹೇಳಿತು:

‘ಬರ್ತದ್ರಿ.’

ಎಷ್ಟು ಸಲೀಸಾಗಿ ಬಂತು. ಮೆಟ್ಟಿಲ ಮೇಲೆ ಬರದ ಮಾತಿಗಿಂತ ಎಷ್ಟು ಸಲೀಸಾಗಿ. ಪಂಡರಿಯವರು ಹಾಳೆ ಮಡಚಿ, ಇನ್ನೊಂದು ಕಾಗದವನ್ನು ದ್ರೌಪತಿಯ ಮುಂದೆ ಸರಿಸಿದರು. ತಪ್ಪಾಗಿದೆ ಎಂದು ಒಪ್ಪಿ ಸಹಿ ಮಾಡಿದರೆ ಮುಂದೆ ಎಲ್ಲಿಗೂ ಎಳೆಯುವುದಿಲ್ಲ ಎಂದರು. ದ್ರೌಪತಿ ಪೆನ್ನು ತೆಗೆದುಕೊಂಡಳು. ಸಹಿ ಮಾಡಲಿಲ್ಲ, ತಿರುಗಿ ಸುಮೇಧಾಳನ್ನು ನೋಡಿದಳು. ಸಿಟ್ಟಿನಿಂದಲ್ಲ, ಲೆಕ್ಕ ತಪ್ಪಿದವರು ಇನ್ನೊಬ್ಬರ ಪಾಟಿ ನೋಡುವ ಹಾಗೆ. ‘ಹಂಗಾದ್ರ ನಾ ಒತ್ತಿಲ್ಲೇನು ತಂಗಿ? ಒತ್ತಿದ್ದು ನೆನಪದ ನನಗ. ನೆನಪು ತಪ್ಪೇನು?’ ಎಂದಳು. ನಿಜವಾಗಿ ಕೇಳುತ್ತಿದ್ದಳು. ಇನ್ನೊಂದು ಗಳಿಗೆ ಕಳೆದರೆ ಅವಳು ನಂಬಿಬಿಡುತ್ತಿದ್ದಳು.

‘ಇಲ್ರಿ,’ ಎಂದಳು ಸುಮೇಧಾ. ಎದ್ದು ನಿಂತದ್ದು ಅವಳಿಗೆ ಗೊತ್ತಾಗಲಿಲ್ಲ. ‘ಬರೂದಿಲ್ರಿ. ನಾ ಸುಳ್ಳು ಹೇಳಿದೆ. ಮಷೀನು ಮೂರವ. ನಾ ಎರಡಕ್ಕಷ್ಟೇ ಕೂರಿಸಿದ್ದೆ. ಅಕ್ಕ ಒತ್ತಿದ್ರ ಅದು ಮೂರನೇದ್ರಾಗ ಬರೀತಿತ್ತು, ಅದನ್ನ ಹಿಡಿದಿಡೋದು ಅಲ್ಲಿ ಏನೂ ಇರಲಿಲ್ಲ. ಮೂರನೇದಕ್ಕ ಇವತ್ತ ಮುಂಜಾನೆ ಕೂರಿಸೀನಿ. ಎಲ್ಲಾದಕ್ಕೂ ಆಗ್ಯಾದ ಅಂತ ವರದಿ ಬರದಾಕಿ ನಾನೇ.’

‘ಅಂದ್ರ ಈಕಿ ಒತ್ಯಾಳೇನು?’ ಎಂದರು ಪಂಡರಿಯವರು.

‘ಗೊತ್ತಿಲ್ರಿ. ಇನ್ನ ಯಾರಿಗೂ ಗೊತ್ತಾಗಂಗಿಲ್ಲ.’

ಆಮೇಲೆ ದನಿಗಳು ಎದ್ದವು. ದತ್ತಾತ್ರಿ ಏನೋ ಹೇಳಿದ, ಪಂಡರಿಯವರು ಮೇಜು ಗುದ್ದಿದರು, ಸುಮೇಧಾಳಿಗೆ, ನಾಳೆಯಿಂದ ಬರಬೇಡಿ ಎಂಬ ಮಾತು ಯಾರ ಬಾಯಿಂದಲೋ ಬಂತು. ದ್ರೌಪತಿಯ ಮುಂದಿನ ಕಾಗದವನ್ನು ಹಿಂದಕ್ಕೆ ತೆಗೆದುಕೊಂಡರು. ಸದ್ಯಕ್ಕೆ ವಿಚಾರಣೆ ಮುಗಿದಿಲ್ಲ ಎಂದರು. ಬಾಗಿಲಲ್ಲಿ ದ್ರೌಪತಿ ಅವಳ ಹತ್ತಿರ ಬಂದು ನಿಂತಳು. ಸುಮೇಧಾ ಒಂದು ಒಳ್ಳೆಯ ಮಾತಿಗಾಗಿ ಕಾದಳು, ಕಾಯುತ್ತಿದ್ದೇನೆಂದು ನಾಚಿದಳು.

‘ಎಂದಿನಿಂದ ಗೊತ್ತಿತ್ತು ನಿನಗ?’

‘ಮೊದಲಿನ ದಿನದಿಂದ.’

‘ಇಪ್ಪತ್ತೆರಡು ದಿನ,’ ಎಂದಳು ದ್ರೌಪತಿ. ‘ನನ್ನ ಮನಿಯವರೂ ನನ್ನ ಮಾರಿ ನೋಡೂದು ಬಿಟ್ಟಾರ ಯವ್ವ. ಮುಂಜಾನಿ ನೋಡ್ತೀನಿ ಅಂದಿ. ಏನ್ ನೋಡಿದಿ?’ ಉತ್ತರಕ್ಕೆ ನಿಲ್ಲದೆ, ಸೆರಗು ಹೊದ್ದು, ಬಸ್ ನಿಲ್ದಾಣದ ಕಡೆ ನಡೆದಳು. ಸುಮೇಧಾ ಅವಳ ಹಿಂದೆ ನಾಲ್ಕು ಹೆಜ್ಜೆ ಹೋಗಿ ನಿಂತಳು. ಹೋಗಿ ಹೇಳುವುದೇನಿದೆ. ಕ್ಷಮಿಸು ಎಂದರೆ ಅದೂ ತನಗಾಗಿಯೇ ಒಂದು ಬೇಡಿಕೆ.

‘ಬಾಯೇರ, ಜರಾ ನಿಂದರ್ರಿ.’

ಕಾಶಿರಾಮ. ಟೊಪ್ಪಿಗೆಯನ್ನು ಇನ್ನೂ ಕೈಯಲ್ಲೇ ಹಿಡಿದುಕೊಂಡಿದ್ದ. ಬೈಯಲಿ, ಹೊಡೆಯಲಿ, ಎಂದು ಅವಳು ಹಗುರಾಗಿ, ಹೆಚ್ಚುಕಡಿಮೆ ಆಸೆಯಿಂದ ನಿಂತಳು. ಅವನು ಅತ್ತಿತ್ತ ನೋಡಿ ದನಿ ತಗ್ಗಿಸಿದ.

‘ಒಳಗ ಸಾಹೇಬ್ರು ಓದಿದ್ರಲ್ಲ, ಫೋನ್ ಬಂದದ ಅಂತ. ಅದರಾಗ ಊರ ಹೆಸರು ಏನದರಿ?’

‘ಮುಡಬಿ ಅಂತ ಅದರಿ.’

‘ಖರೇ?’

‘ಖರೇರಿ. ಅದು ಮೊದಲನೇ ಮಷೀನಿಂದು. ಅದರಾಗ ಎಲ್ಲಾ ಬಂದದ. ಹನ್ನೊಂದು ನಲವತ್ತೆರಡಕ್ಕ. ಮುಡಬಿ, ಮೊದಲ ಹೆರಗಿ, ಜಲ್ದಿ ಬೇಕು ಅಂತ.’

ಅವನು ಗೋಡೆಗೆ ಕೈ ಕೊಟ್ಟ. ‘ನಾ ಗಾಬರ್ಯಾಗಿದ್ದೆರಿ. ಗಾಬರ್ಯಾಗ ಅತ್ತಿ ಊರಿನ ಹೆಸರು ಹೇಳಿದಿ, ಅದಕ್ಕೇ ಗಾಡಿ ಬರಲಿಲ್ಲ ಅಂತಾಳ ನನ್ನ ಹೆಣ್ತಿ ಉಜ್ವಲಾ. ಅವರವ್ವಾನೂ ಅದೇ ಅಂತಾಳ. ದಿನಾ ಕೇಳಿ ಕೇಳಿ ನನಗೂ ಹಂಗೇ ಅನಸ್ಲಿಕತ್ತದ. ನೆನಪು ಮಾಡಾಕ ಹೋದ್ರ ಆಕಿ ಚೀರೂದೇ ಕೇಳಿಸ್ತದ, ನಾ ಏನ್ ಅಂದೆ ಅಂಬೂದು ಕೇಳಿಸಂಗಿಲ್ಲ.’ ಅವನು ಅಂಗಿಯ ಜೇಬಿನಿಂದ ಮೊಬೈಲು ತೆಗೆದ. ‘ಒಂದು ಮಾತು ನೀವೇ ಹೇಳ್ರಿ ಆಕಿಗಿ. ನಾ ಹೇಳಿದ್ರ ನಂಬಂಗಿಲ್ಲ.’

ಅವನೇ ಒತ್ತಿ ಕೊಟ್ಟ. ಲಾರಿಗಳು ಹೋಗುತ್ತಿದ್ದವು, ಇನ್ನೊಂದು ಕಿವಿಯನ್ನು ಅಂಗೈಯಿಂದ ಮುಚ್ಚಿಕೊಂಡಳು. ಆಚೆ ಕಡೆ ಯಾರೋ ಎತ್ತಿದರು. ಹಲೋ ಎನ್ನಲಿಲ್ಲ. ದೂರದಲ್ಲೆಲ್ಲೋ ಆಡೊಂದು ಒದರಿತು.

‘ಉಜ್ವಲಾ? ನಾ ಹುಮನಾಬಾದದಿಂದ, ಗಾಡಿ ಆಫೀಸಿನಾಕಿ ಮಾತಾಡಾಕತ್ತೇನಿ. ನಿಮ್ಮವರು ಇಲ್ಲೇ ಅದಾರ. ಆ ದಿನದ ಲಾಗು, ಅಂದ್ರ ಮಷೀನು ಬರಕೊಂಡದ್ದು, ನಾ ನೋಡೀನಿ. ಅವರು ಫೋನ್ ಮಾಡಿದ್ದು ಹನ್ನೊಂದು ನಲವತ್ತೆರಡಕ್ಕ. ಊರ ಹೆಸರು ಮುಡಬಿ ಅಂತ ಸರೀನೇ ಹೇಳ್ಯಾರ. ಜಲ್ದಿ ಬರ್ರಿ ಅಂತಾನೂ ಹೇಳ್ಯಾರ. ಅವರದೇನೂ ತಪ್ಪಿಲ್ಲ ತಂಗಿ.’

ಉಸಿರು ಕೇಳಿಸುತ್ತಿತ್ತು. ಕಾಶಿರಾಮ ಅವಳ ಮುಖವನ್ನೇ ನೋಡುತ್ತಿದ್ದ, ತನ್ನ ಹೆಂಡತಿಯ ಮುಖ ಅಲ್ಲಿ ಕಾಣುವುದೆಂಬಂತೆ. ಆಚೆಯಿಂದ ದನಿ ಬಂತು. ಚಿಕ್ಕ ಹುಡುಗಿಯ ದನಿ, ಇಪ್ಪತ್ತೂ ತುಂಬಿರಲಿಕ್ಕಿಲ್ಲ.

‘ಮುಂದ?’

ಒಬ್ಬ ಲಾರಿ ಡ್ರೈವರ್ ಅಡ್ಡ ಬಂದು ಹಾರ್ನು ಹೊಡೆದ. ಸುಮೇಧಾ ಸರಿಯಲಿಲ್ಲ.

‘ಮುಂದಿಂದು ಇಲ್ಲ ತಂಗಿ. ಅದನ್ನ ಹಿಡಿದಿಡೂದು ನನ್ನ ಕೆಲಸ ಇತ್ತು. ನಾ ಮಾಡಿರಲಿಲ್ಲ.’

ಉಜ್ವಲಾ ಫೋನು ಇಡಲಿಲ್ಲ. ಸುಮೇಧಾಳೂ ಇಡಲಿಲ್ಲ.